ಕಾಲಿಂಚಿನ ಲೆಕ್ಕ

ಶನಿವಾರ ಸಂಜೆ ಶಂಕರಘಟ್ಟದಿಂದ ಹೊರಟ ಬಸ್ಸಿನಲ್ಲಿ ನನ್ನ ಜೂನಿಯರ್ ಹುಡುಗಿ ಆ ದಪ್ಪ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿ, "ತಗೊಳ್ಳಿ ಅಕ್ಕ, ನನ್ ಕೈಲಾಗಲ್ಲ. ಎಂಬತ್ತು ಪುಟ ಆಯ್ತು, ದೆವ್ವ ಎಲ್ಲಿದೆ?" ಎಂದಳು.

ತಪ್ಪು ನನ್ನದೇ. ಹಿಂದಿನ ವಾರ ಕೊಡುವಾಗ "ಹೆದರಿ ಸಾಯ್ತೀಯ ನೋಡು" ಎಂದಷ್ಟೇ ಹೇಳಿದ್ದೆ. ಪಾಪ, ಹಾಸ್ಟೆಲ್ ರೂಮಿನ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಹಿಡಿದು, ರಗ್ಗು ಹೊದ್ದು ಕೂತವಳಿಗೆ ಸಿಕ್ಕಿದ್ದು ಅಡಿಟಿಪ್ಪಣಿಗಳು. ಪಿಎಚ್‌ಡಿ ಮಾಡುವವರಿಗೆ ಹಗಲೆಲ್ಲ ಅದೇ ಕೆಲಸ. ರಾತ್ರಿ ದೆವ್ವ ಹುಡುಕಿ ಹೋದರೂ ಅದೇ ಸಿಕ್ಕರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಬಸ್ಸು ಭದ್ರಾವತಿ ಮುಟ್ಟುವವರೆಗೂ ಏನೇನೋ ಸಮಜಾಯಿಷಿ ಹೇಳಿದೆ. ಅವಳು ಅಲ್ಲಿ ಇಳಿದುಹೋದಳು. ಹೇಳದೆ ಉಳಿದದ್ದೇ ಜಾಸ್ತಿ ಇತ್ತು.

ಪುಸ್ತಕದ ಹೆಸರು 'ಹೌಸ್ ಆಫ್ ಲೀವ್ಸ್'. ಬರೆದವನು ಅಮೆರಿಕದ ಮಾರ್ಕ್ ಝಡ್. ಡೇನಿಯೆಲೆವ್‌ಸ್ಕಿ. 2000ದಲ್ಲಿ ಬಂದದ್ದು, ಏಳುನೂರು ಪುಟ ಮೀರಿದ್ದು. ಫೆಲೋಶಿಪ್ ಹಣ ಬಂದ ಒಂದು ತಿಂಗಳು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಯಾರೋ ಓದಿ ಮಾರಿದ ಪ್ರತಿಯನ್ನು ಕೊಂಡಿದ್ದೆ.

ಕತೆ ಇಷ್ಟು. ವಿಲ್ ನೇವಿಡ್‌ಸನ್ ಎಂಬ ಹೆಸರುವಾಸಿ ಫೋಟೋಗ್ರಾಫರ್ ತನ್ನ ಸಂಗಾತಿ ಕ್ಯಾರೆನ್ ಮತ್ತು ಇಬ್ಬರು ಮಕ್ಕಳೊಂದಿಗೆ ವರ್ಜೀನಿಯಾದ ಒಂದು ಮನೆಗೆ ಬಂದಿರುತ್ತಾನೆ. ಅವರಿಬ್ಬರ ನಡುವೆ ಬಿರುಕು ಬಿಟ್ಟಿದೆ, ಈ ಮನೆಯಲ್ಲಿ ಅದು ಸರಿಹೋದೀತು ಎಂಬ ಆಸೆ. ಒಮ್ಮೆ ಪರವೂರಿಗೆ ಹೋಗಿ ಬಂದು ನೋಡಿದರೆ ಎರಡು ಮಲಗುವ ಕೋಣೆಗಳ ನಡುವೆ ಹಿಂದೆ ಇರದಿದ್ದ ಒಂದು ಸಣ್ಣ ಜಾಗ ಹುಟ್ಟಿಕೊಂಡಿದೆ. ಅವನು ಟೇಪು ಹಿಡಿದು ಮನೆ ಅಳೆಯುತ್ತಾನೆ. ಹೊರಗಿನ ಅಳತೆಗಿಂತ ಒಳಗಿನ ಅಳತೆ ಕಾಲಿಂಚು ಹೆಚ್ಚು. ಮತ್ತೆ ಅಳೆಯುತ್ತಾನೆ, ಇಂಜಿನಿಯರನ್ನು ಕರೆಸುತ್ತಾನೆ, ಆ ಕಾಲಿಂಚು ಮಾತ್ರ ಹೋಗುವುದಿಲ್ಲ. ಆಮೇಲೆ ಹಾಲ್‌ನ ಗೋಡೆಯಲ್ಲಿ ಒಂದು ಬಾಗಿಲು, ಅದರಾಚೆ ಕತ್ತಲ ಓಣಿ, ಓಣಿಯಾಚೆ ತಳವಿಲ್ಲದ ಮೆಟ್ಟಿಲು.

ಇದು ಕಾದಂಬರಿಯ ಒಂದು ಪದರ ಮಾತ್ರ. ನೇವಿಡ್‌ಸನ್ ಇದನ್ನೆಲ್ಲ ಸಿನಿಮಾ ಮಾಡಿದ್ದಾನಂತೆ. ಆ ಸಿನಿಮಾದ ಬಗ್ಗೆ ಝಂಪಾನೋ ಎಂಬ ಮುದುಕ ದೊಡ್ಡ ವಿಮರ್ಶಾಗ್ರಂಥ ಬರೆದು ಸತ್ತಿದ್ದಾನೆ. ಮುದುಕ ಕುರುಡ. ಅವನ ಹಸ್ತಪ್ರತಿ, ಲಾಸ್ ಏಂಜಲೀಸಿನ ಹಚ್ಚೆ ಅಂಗಡಿಯಲ್ಲಿ ಕೆಲಸ ಮಾಡುವ ಜಾನಿ ಟ್ರೂಯಂಟ್ ಎಂಬ ಹುಡುಗನ ಕೈಗೆ ಸಿಗುತ್ತದೆ. ಅವನು ಅದಕ್ಕೆ ತನ್ನ ಟಿಪ್ಪಣಿ ಸೇರಿಸುತ್ತಾನೆ, ಟಿಪ್ಪಣಿಯೊಳಗೆ ತನ್ನ ಬದುಕನ್ನೂ ತುರುಕುತ್ತಾನೆ. ಅಂಥ ಸಿನಿಮಾವೇ ಎಲ್ಲೂ ಇಲ್ಲ ಎಂದೂ ಮೊದಲೇ ಹೇಳಿಬಿಡುತ್ತಾನೆ. ಇವರಿಬ್ಬರ ಮೇಲೆ ಹೆಸರಿಲ್ಲದ ಸಂಪಾದಕರು ಬೇರೆ. ಉಲ್ಲೇಖಿಸಿದ ವಿದ್ವಾಂಸರಲ್ಲಿ ಕೆಲವರು ನಿಜ, ಹಲವರು ಸುಳ್ಳು. ಡೆರಿಡಾನನ್ನೂ ಸ್ಟೀಫನ್ ಕಿಂಗನನ್ನೂ ಕ್ಯಾರೆನ್ ಸಂದರ್ಶನ ಮಾಡಿದಳೆಂದು ಪುಟಗಟ್ಟಲೆ ಮಾತುಕತೆ ಕೂಡ ಇದೆ, ಎಲ್ಲ ಕಟ್ಟಿದ್ದು.

ಇನ್ನು ಪುಟಗಳ ಅವಸ್ಥೆ. ಕತ್ತಲ ಓಣಿ ಕಿರಿದಾದಾಗ ಸಾಲುಗಳೂ ಕಿರಿದಾಗುತ್ತವೆ. ಯಾರೋ ಓಡುವಾಗ ಪುಟಕ್ಕೆ ನಾಲ್ಕೈದು ಪದ, ಓದುವವರ ಬೆರಳೂ ಓಡಬೇಕು. ಒಂದು ಅಧ್ಯಾಯದಲ್ಲಿ ಟಿಪ್ಪಣಿಗಳು ಅಡ್ಡ, ಉದ್ದ, ತಲೆಕೆಳಗು, ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ನಾನೊಮ್ಮೆ ಅದನ್ನು ತಿರುಗಿಸಿ ತಿರುಗಿಸಿ ಓದುತ್ತಿದ್ದಾಗ ಪಕ್ಕದ ಸೀಟಿನ ಅಜ್ಜಿ, "ಪುಸ್ತಕ ಉಲ್ಟಾ ಹಿಡ್ಕಂಡಿದೀಯ ನೋಡವ್ವಾ" ಎಂದು ತಾವೇ ಸರಿ ಮಾಡಿ ಕೊಟ್ಟರು. ಆ ಪುಟ ಓದಲು ಅವರು ಇಳಿಯುವವರೆಗೆ ಕಾದೆ. ಇದನ್ನು ಮೊಬೈಲಿನಲ್ಲಿ ಓದುತ್ತೇನೆಂದು ಯಾರೂ ಹೊರಡಬಾರದು.

ನಮ್ಮಲ್ಲಿ ಭಯದ ಕತೆ ಎಂದರೆ ಒಂದು ಕರಾರು ಇರುತ್ತದೆ. ಯಾರಿಗೋ ಅನ್ಯಾಯವಾಗಿರುತ್ತದೆ, ಅವರು ದೆವ್ವವಾಗಿರುತ್ತಾರೆ, ಕೊನೆಗೆ ಕಾರಣ ತಿಳಿದು ಶಾಂತಿಯಾಗುತ್ತದೆ. ಅಥವಾ ಮಾಟವಿರುತ್ತದೆ, ಅದಕ್ಕೆ ಪ್ರತಿಯಾಗಿ ಇನ್ನೊಂದಿರುತ್ತದೆ. ತೆಲುಗಿನ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡಕ್ಕೆ ಬಂದಮೇಲೆ ನನ್ನ ಅಮ್ಮ ಅದನ್ನು ಓದಿ, ರಾತ್ರಿ ಹಿತ್ತಿಲಿಗೆ ಹೋಗಲು ಅಪ್ಪನನ್ನು ಎಬ್ಬಿಸುತ್ತಿದ್ದಳಂತೆ. ಆದರೆ ಪುಸ್ತಕ ಮುಗಿದ ವಾರಕ್ಕೆ ಭಯವೂ ಮುಗಿಯಿತು ಎಂದು ಅವಳೇ ಹೇಳುತ್ತಿದ್ದಳು. ಕತೆಯಲ್ಲಿ ಮಾಟ ಕಳೆದಿತ್ತಲ್ಲ. 'ಹೌಸ್ ಆಫ್ ಲೀವ್ಸ್' ಆ ಕರಾರಿಗೆ ಸಹಿ ಹಾಕುವುದಿಲ್ಲ. ಮನೆ ಹಾಗೇಕಾಯಿತು, ಕತ್ತಲೆಯಲ್ಲಿ ಗುರುಗುಟ್ಟಿದ್ದು ಏನು, ಯಾವುದಕ್ಕೂ ಉತ್ತರ ಕೊಡುವುದಿಲ್ಲ.

ಒಗಟಿನಂಥ ಪುಸ್ತಕ ಎಂದರೆ ಕನ್ನಡದವರು ಗಾಬರಿಯಾಗಬೇಕಿಲ್ಲ. ಕುಮುದೇಂದು ಮುನಿಯ 'ಸಿರಿಭೂವಲಯ' ನಮ್ಮಲ್ಲಿದೆ. 27 ಸಾಲು, 27 ಕಂಬದ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು, ಒಂದೊಂದು ಅಂಕಿಗೆ ಒಂದೊಂದು ಅಕ್ಷರ, ಯಾವ ದಾರಿಯಲ್ಲಿ ಓದುತ್ತೀರಿ ಎಂಬುದರ ಮೇಲೆ ಪದ್ಯ. 1953ರಲ್ಲಿ ಅಚ್ಚಾದಾಗಿನಿಂದ ಅದರ ಕಾಲದ ಬಗ್ಗೆ ಜಗಳ ನಿಂತಿಲ್ಲ. ತೇಜಸ್ವಿಯವರ 'ಜುಗಾರಿ ಕ್ರಾಸ್' ಓದದವರು ಶಿವಮೊಗ್ಗದಲ್ಲಿ ಸಿಗುವುದು ಕಷ್ಟ. ಏಲಕ್ಕಿ ಬೆಳೆಯುವ ಗಂಡ ಹೆಂಡತಿ ಒಂದೇ ದಿನದಲ್ಲಿ ಎಂಥ ಸುಳಿಗೆ ಬೀಳುತ್ತಾರೆ! ನನ್ನ ಜೂನಿಯರ್ ಮನಸ್ಸಿನಲ್ಲಿ ಇದ್ದದ್ದು ಬಹುಶಃ ಅದೇ. ಅಂಥ ಓಟ, ಜೊತೆಗೆ ಒಂದು ದೆವ್ವ.

ಆದರೆ ನನಗೆ ನೆನಪಾಗುವುದು ಬೆಡಗಿನ ವಚನ. ನಾನು ಆರು ವರ್ಷದಿಂದ ಹೆಣಗುತ್ತಿರುವುದು ಅವಕ್ಕೆ ಬರೆದ ಟೀಕೆಗಳ ಜೊತೆಗೆ. ಒಗಟಿಗೂ ಬೆಡಗಿಗೂ ನಡುವೆ ಇರುವುದು ಸಣ್ಣ ವ್ಯತ್ಯಾಸವಲ್ಲ. ಒಗಟಿಗೆ ಉತ್ತರ ಹೇಳಿದ ಕೂಡಲೇ ಒಗಟು ಸತ್ತಿತು, ಇನ್ನೊಂದು ಹಾಕು ಎನ್ನುತ್ತೇವೆ. ಬೆಡಗಿಗೆ ಟೀಕಾಕಾರರು ಕೀಲಿಕೈ ಮಾಡಿಕೊಟ್ಟಿದ್ದಾರೆ. ಈ ಪ್ರಾಣಿ ಎಂದರೆ ಮನಸ್ಸು, ಆ ಮರ ಎಂದರೆ ದೇಹ, ಇಷ್ಟು ಕೊಂಬೆ ಎಂದರೆ ಇಷ್ಟು ಇಂದ್ರಿಯ. ಕೀಲಿ ಹಾಕಿ ತಿರುಗಿಸಿದರೆ ತಿರುಗುತ್ತದೆ, ಸುಳ್ಳಲ್ಲ. ಆದರೂ ನಮ್ಮದೇ ಜಿಲ್ಲೆಯ ಬಳ್ಳಿಗಾವಿಯ ಅಲ್ಲಮನ ವಚನ, ಟೀಕೆ ಓದಿ ಮುಗಿಸಿದ ಮೇಲೂ ಹಾಗೇ ಕೂತಿರುತ್ತದೆ, ಮೊದಲಿಗಿಂತ ಸ್ವಲ್ಪ ಹತ್ತಿರಕ್ಕೆ ಬಂದು. ಅಲ್ಲಮನನ್ನು ಯಾರೂ ಭಯದ ಸಾಹಿತ್ಯದ ಪಟ್ಟಿಗೆ ಸೇರಿಸುವುದಿಲ್ಲ. ಲೈಬ್ರರಿಯಲ್ಲಿ ಒಬ್ಬಳೇ ಕೂತು ಓದಿದ ಕೆಲವು ಸಂಜೆಗಳಲ್ಲಿ ನಾನಂತೂ ಎದ್ದು ಹೋಗಿ ಫ್ಯಾನಿನ ಜೊತೆ ಲೈಟನ್ನೂ ಹಾಕಿಕೊಂಡಿದ್ದೇನೆ.

ಡೇನಿಯೆಲೆವ್‌ಸ್ಕಿಯ ಪುಸ್ತಕದಲ್ಲೂ ಬಿಡಿಸಬಹುದಾದ ಒಗಟುಗಳು ಬೇಕಾದಷ್ಟಿವೆ. ಜಾನಿಯ ತಾಯಿ ಹುಚ್ಚಾಸ್ಪತ್ರೆಯಿಂದ ಬರೆದ ಕಾಗದಗಳು ಅನುಬಂಧದಲ್ಲಿವೆ. ಅದರಲ್ಲೊಂದನ್ನು ಪ್ರತಿ ಪದದ ಮೊದಲ ಅಕ್ಷರ ಹೆಕ್ಕಿ ಓದಬೇಕು. ನಾನು ಪೆನ್ಸಿಲ್ ಹಿಡಿದು ಹೆಕ್ಕಿದೆ. ಒಗಟು ಬಿಡಿಸಿದ ಖುಷಿ ಮೊದಲ ಎರಡು ಸಾಲಿಗೆ ಮಾತ್ರ. ಆಮೇಲೆ ಒಬ್ಬ ತಾಯಿ ಯಾಕೆ ಹೀಗೆ ಅಡಗಿಸಿ ಬರೆಯಬೇಕಾಯಿತು ಎಂಬುದು ತಿಳಿಯುತ್ತಾ ಹೋಗಿ ಪೆನ್ಸಿಲ್ ಕೆಳಗಿಟ್ಟೆ. ಕಾದಂಬರಿಯ ನಡುವೆ ಒಂದು ಟಿಪ್ಪಣಿ, ಈ ಕಾಗದಗಳನ್ನು ಈಗಲೇ ಹೋಗಿ ಓದಿ ಬನ್ನಿ ಎನ್ನುತ್ತದೆ. ಆ ಮಾತು ಕೇಳಿ. ಜೂನಿಯರ್ ಕೇಳಿರಲಿಲ್ಲ, ಅದಕ್ಕೇ ಜಾನಿ ಅವಳಿಗೆ ಬರೀ ಕುಡುಕನಾಗಿ, ಹೆಣ್ಣುಗಳ ಹಿಂದೆ ಬಿದ್ದವನಾಗಿ ಕಂಡದ್ದು. ಅವನ ಭಾಗಗಳು ಒರಟಾಗಿವೆ, ಕುಡಿತ, ಡ್ರಗ್ಸು, ಸಂಭೋಗ ಎಲ್ಲ ಧಾರಾಳ. ಮುಜುಗರವಾಗುವವರಿಗೆ ಮೊದಲೇ ಗೊತ್ತಿರಲಿ. ಕಟ್ಟಡಗಳ ಹೆಸರು, ಫೋಟೋಗ್ರಾಫರುಗಳ ಹೆಸರು ಎಂದು ಪುಟಗಟ್ಟಲೆ ಪಟ್ಟಿ ಬಂದರೆ ಹಾರಿಸಿ, ಪಾಪವಿಲ್ಲ. ನಾನೂ ಹಾರಿಸಿದ್ದೇನೆ.

ನನ್ನನ್ನು ಹೆದರಿಸಿದ್ದು ಓಣಿಯಲ್ಲ, ಮುದುಕನ ಕೋಣೆ. ಒಂದು ಕೆಲಸ ಮುಗಿಸಲಾಗದೆ ಚೀಟಿ, ಕವರು, ಸಿಕ್ಕಸಿಕ್ಕ ಹಾಳೆಯ ಮೇಲೆಲ್ಲ ಬರೆಯುತ್ತಾ ಕಿಟಕಿ ಮುಚ್ಚಿಕೊಂಡು ಸತ್ತವನ ಕೋಣೆ ಅದು. ಆ ಹಸ್ತಪ್ರತಿ ಮುಟ್ಟಿದ ಜಾನಿಯೂ ಕೆಲಸ ಬಿಡುತ್ತಾನೆ, ಊಟ ಬಿಡುತ್ತಾನೆ, ತನ್ನ ಕೋಣೆಯ ನೆಲಕ್ಕೆ ಅಳತೆಯ ಟೇಪು ಹೊಡೆದು ಜಾಗ ಹಿಗ್ಗಿತೋ ಎಂದು ಕಾಯುತ್ತಾನೆ. ಮೂರನೇ ವರ್ಷ ನಾನು ಹಳೆಯ ಲೇಖನವೊಂದರ ಟಿಪ್ಪಣಿಯಲ್ಲಿದ್ದ ಒಂದು ಪುಸ್ತಕದ ಬೆನ್ನು ಹತ್ತಿದ್ದೆ. ಮೂರು ಊರಿನ ಲೈಬ್ರರಿ, ಐದಾರು ಮೇಷ್ಟ್ರುಗಳ ಮನೆ ಆಯಿತು. ಎಲ್ಲರೂ ಅದರ ಹೆಸರು ಕೇಳಿದ್ದವರೇ, ನೋಡಿದವರಿಲ್ಲ. ಎಲ್ಲರೂ ಕೇಳಿದ್ದು ಆ ಟಿಪ್ಪಣಿಯಿಂದಲೇ ಎಂದು ಹೊಳೆಯಲು ಎರಡು ತಿಂಗಳು ಬೇಕಾಯಿತು. ಆ ದಿನಗಳಲ್ಲಿ ರಾತ್ರಿ ಎರಡು ಗಂಟೆಗೆ ಅಪ್ಪ ಬಾಗಿಲ ಹತ್ತಿರ ನಿಂತು, "ಮಲಕ್ಕೊಳ್ಳೇ, ಅದೇನು ಬೆಳಗಾದ್ರೆ ಓಡಿಹೋಗುತ್ತಾ?" ಎನ್ನುತ್ತಿದ್ದರು.

ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ಕಾಗದ ಮಾಡಿದವರು. ಭದ್ರಾವತಿಯಲ್ಲಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಲ್ಲಿ ಅವರದು ಮೂವತ್ತು ವರ್ಷದ ಕೆಲಸ. ಪೇಪರ್ ಟೌನಿನ ಕ್ವಾರ್ಟರ್ಸಿನಲ್ಲೇ ನಾನು ಹುಟ್ಟಿ ಬೆಳೆದದ್ದು. ಗಾಳಿ ತಿರುಗಿದಾಗ ಬರುವ ಕೊಳೆತ ಮೊಟ್ಟೆಯಂಥ ವಾಸನೆಗೆ ನೆಂಟರು ಮೂಗು ಮುಚ್ಚಿಕೊಂಡರೆ ನಮಗೆ ಯಾಕೆ ಎಂದೇ ತಿಳಿಯುತ್ತಿರಲಿಲ್ಲ. ಅಪ್ಪನಿಗೆ ಇಂಗ್ಲಿಷ್ ಕಾದಂಬರಿ ಓದಿ ಅಭ್ಯಾಸವಿಲ್ಲ. ಪುಸ್ತಕ ಕೈಗೆ ಬಂದರೆ ಮೊದಲು ಹಾಳೆಯನ್ನು ಬೆಳಕಿಗೆ ಹಿಡಿಯುತ್ತಾರೆ, ಬೆರಳ ನಡುವೆ ಉಜ್ಜುತ್ತಾರೆ, ತೂಕ ಹೇಳುತ್ತಾರೆ. ಈ ಪುಸ್ತಕವನ್ನೂ ಹಾಗೇ ನೋಡಿದರು. ನಾಲ್ಕೇ ಪದವಿದ್ದ ಪುಟ ಬಂದಾಗ ಮುಂದಿನದು ತಿರುವಿದರು, ಅಲ್ಲೂ ಮೂರು ಪದ. "ಏನೇ ಇದು, ಇಷ್ಟು ಒಳ್ಳೆ ಪೇಪರ್ ಹಾಳು ಮಾಡಿದಾನಲ್ಲ!" ಎಂದರು. ಓಣಿ, ಓಟ ಎಲ್ಲ ವಿವರಿಸಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಹೆಸರಿನ ಅರ್ಥ ಕೇಳಿದರು. ಎಲೆ ಎಂದರೆ ಇಂಗ್ಲಿಷಿನಲ್ಲಿ ಪುಸ್ತಕದ ಹಾಳೆಯೂ ಹೌದು ಎಂದೆ. "ನಮ್ಮಲ್ಲೂ ಹಾಳೆ ಅಂದ್ರೆ ಅಡಿಕೆ ಹಾಳೆನೂ ಹೌದಲ್ಲ. ಹಾಳೆ ಮನೆ ಅನ್ನು" ಎಂದವರು ಎರಡು ಸಲ ಬಾಯಲ್ಲಿ ಹೇಳಿ ನೋಡಿ, "ಹಾಳ್ಮನೆ ಅಂತ ಕೇಳಿಸುತ್ತೆ" ಎಂದು ನಕ್ಕರು. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆದಿಲ್ಲ.

(ಪುಸ್ತಕದಲ್ಲಿ 'ಮನೆ' ಎಂಬರ್ಥದ ಪದ ಬಂದಲ್ಲೆಲ್ಲ ನೀಲಿ ಬಣ್ಣ. ಕನ್ನಡಕ್ಕೆ ತಂದರೆ ಎಷ್ಟೆಂದು ನೀಲಿ ಮಾಡುವುದು? ಅಡುಗೆಮನೆ, ಬಚ್ಚಲುಮನೆ, ತವರುಮನೆ, ಮನೆತನ, ಸೂತಕದ ಮನೆ. ಪುಟವೇ ನೀಲಿಯಾದೀತು.)

ಕಾರ್ಖಾನೆಯಲ್ಲಿ ಉತ್ಪಾದನೆ ನಿಂತದ್ದು 2015ರಲ್ಲಿ. ಅಮ್ಮ ಹೋದದ್ದು ಅದರ ಮರುವರ್ಷ. ಅದಾದ ಮೇಲೆ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ವಿನೋಬನಗರದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದೆವು. ಸಾಮಾನು ಸಾಗಿಸುವ ಮೊದಲು ಅಪ್ಪ ಟೇಪು ಹಿಡಿದು ಎರಡು ಸಲ ಶಿವಮೊಗ್ಗಕ್ಕೆ ಬಂದು ಅಳೆದು ಹೋದರು. ಮಂಚ ಎಲ್ಲಿ, ಟೇಬಲ್ ಎಲ್ಲಿ, ಅಮ್ಮನ ಬೀರು ಎಲ್ಲಿ, ಎಲ್ಲದಕ್ಕೂ ಗೋಡೆಯ ಮೇಲೆ ಪೆನ್ಸಿಲ್ ಗುರುತು. ಬೀರು ಮದುವೆಯಾದ ವರ್ಷ ಕೊಂಡದ್ದು, ಕಬ್ಬಿಣದ್ದು, ಆನೆಯಂಥದ್ದು. ಬಾಗಿಲ ಅಗಲ ಅಳೆದಿದ್ದರು, ಕೋಣೆ ಅಳೆದಿದ್ದರು, ಸೂರಿನ ಎತ್ತರ ಅಳೆದಿದ್ದರು. ಮೆಟ್ಟಿಲು ತಿರುಗುವ ಜಾಗ ಅಳೆದಿರಲಿಲ್ಲ.

ನಾಲ್ಕು ಜನ ಹಮಾಲರು ಒಂದು ಗಂಟೆ ಒದ್ದಾಡಿದರು. ನಿಲ್ಲಿಸಿ ನೋಡಿದರು, ಮಲಗಿಸಿ ನೋಡಿದರು, ಕಾಲು ಬಿಚ್ಚಿ ನೋಡಿದರು. ಅಪ್ಪ ಟೇಪು ತಂದು ಬಗ್ಗಿ ಅಳೆದು, "ಕಾಲಿಂಚು ಕಣ್ರೋ, ಬರೀ ಕಾಲಿಂಚು" ಎಂದರು. ಮತ್ತೆ ಅಳೆದರು. ಹಮಾಲರಲ್ಲಿ ಹಿರಿಯವರೊಬ್ಬರು "ಯಜಮಾನ್ರೆ, ಕಾಲಿಂಚಾದ್ರೂ ಅಷ್ಟೆ, ಕಾಲಡಿ ಆದ್ರೂ ಅಷ್ಟೆ" ಎಂದು ಟವೆಲಿನಲ್ಲಿ ಮುಖ ಒರೆಸಿಕೊಂಡರು. ಬೀರು ಕೆಳಗೆ ಮೆಟ್ಟಿಲಡಿಯಲ್ಲಿ, ಸ್ಕೂಟರಿನ ಪಕ್ಕ ನಿಂತಿತು. ಅಮ್ಮನ ಸೀರೆ ಒಳಗೇ ಇದ್ದವು, ಈಗಲೂ ಇವೆ. ಅಪ್ಪ ದಿನಾ ಸಂಜೆ ಸ್ಕೂಟರ್ ಒರೆಸಿ ಬರುತ್ತೇನೆ ಎಂದು ಕೆಳಗೆ ಹೋಗುತ್ತಾರೆ. ಆ ಸ್ಕೂಟರ್ ಓಡದೆ ಎರಡು ವರ್ಷವಾಯಿತು. ಬೀರುವಿನ ಬಾಗಿಲು ಕಿರ್ರೆನ್ನುವುದು ಮಹಡಿಗೆ ಕೇಳಿಸುತ್ತದೆ, ಹಾಗೆ ಕೇಳಿಸುತ್ತದೆ ಎಂದು ಅವರಿಗೆ ನಾನು ಹೇಳಿಲ್ಲ.

ಮೇಲಿನ ಕೋಣೆಯಲ್ಲಿ ಬೀರುವಿನ ಜಾಗ ಖಾಲಿ. ಮೂರಡಿ ಅಗಲ, ಒಂದೂವರೆ ಅಡಿ ಆಳ. ಪೆನ್ಸಿಲ್ ಗೆರೆ ಹಾಗೇ ಇದೆ. ಅಲ್ಲಿ ಏನನ್ನೂ ಇಡಬಾರದೆಂದು ಯಾರೂ ಹೇಳಿಲ್ಲ, ಯಾರೂ ಇಟ್ಟಿಲ್ಲ. ನನ್ನ ಪುಸ್ತಕಗಳು ಮಂಚದ ಕೆಳಗೆ, ಕಿಟಕಿಯ ಮೇಲೆ, ಅಡುಗೆಮನೆಯ ಡಬ್ಬಿಗಳ ಪಕ್ಕ ಎಲ್ಲ ಬಿದ್ದಿವೆ, ಅಲ್ಲಿ ಮಾತ್ರ ಇಲ್ಲ. ನೆಲ ಗುಡಿಸುವಾಗ ನಾನು ಆ ಗೆರೆಯ ಅಂಚಿಗೆ ಪೊರಕೆ ತಿರುಗಿಸುತ್ತೇನೆ, ಬೀರು ಇದೆಯೇನೋ ಎಂಬಂತೆ. ಇದು ನನ್ನ ಗಮನಕ್ಕೆ ಬಂದದ್ದೇ 'ಹೌಸ್ ಆಫ್ ಲೀವ್ಸ್' ಓದುವಾಗ. ನೇವಿಡ್‌ಸನ್ ಮೊದಲ ಸಲ ಟೇಪು ಹಿಡಿಯುವ ಪುಟದಲ್ಲಿ. ಅವತ್ತು ರಾತ್ರಿ ನಿಜಕ್ಕೂ ನಿದ್ದೆ ಬರಲಿಲ್ಲ.

ಹಾಗಾಗಿ "ಹೆದರಿ ಸಾಯ್ತೀಯ" ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬೆಚ್ಚಿಬೀಳಿಸುವ ಜಾಗಗಳು ಪುಸ್ತಕದಲ್ಲಿ ಕಡಿಮೆ. ನೇವಿಡ್‌ಸನ್ ಮತ್ತೆ ಮತ್ತೆ ಆ ಕತ್ತಲೆಗೆ ಯಾಕೆ ಹೋಗುತ್ತಾನೆ ಎಂದು ಕೇಳಿಕೊಂಡರೆ ಅಲ್ಲಿ ದೆವ್ವಕ್ಕಿಂತ ಹಳೆಯದೇನೋ ಸಿಗುತ್ತದೆ. ಅವನಿಗೆ ಹೆಸರು ತಂದ ಫೋಟೋ, ಹಸಿವಿನಿಂದ ಸಾಯುತ್ತಿರುವ ಹುಡುಗಿ ಮತ್ತು ಹಿಂದೆ ಕೂತ ಹದ್ದು. ಕೆವಿನ್ ಕಾರ್ಟರ್ 1993ರಲ್ಲಿ ಸುಡಾನಿನಲ್ಲಿ ತೆಗೆದ, ಮರುವರ್ಷ ಪುಲಿಟ್ಜರ್ ಪಡೆದ ಚಿತ್ರದ ನೆರಳು ಅದು. ಆ ಹುಡುಗಿಗೆ ಅವನು ಮನಸ್ಸಿನಲ್ಲೇ ಒಂದು ಹೆಸರಿಟ್ಟುಕೊಂಡಿದ್ದಾನೆ. ಮನೆಯೊಳಗೆ ಹೆಚ್ಚಾದ ಜಾಗಕ್ಕೂ ಆ ಹೆಸರಿಗೂ ಸಂಬಂಧವಿದೆ ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ನನಗೆ ಅನ್ನಿಸುತ್ತದೆ.

ಕೊನೆಯ ಭಾಗದ ಒಂದು ಸಂಗತಿಯನ್ನು ಅಪ್ಪನಿಗೆ ಹೇಳಿದ್ದೆ. ಓದದವರು ಕ್ಷಮಿಸಬೇಕು. ಕತ್ತಲೆಯ ತಳದಲ್ಲಿ ಸಿಕ್ಕಿಹಾಕಿಕೊಂಡ ನೇವಿಡ್‌ಸನ್ ಬಳಿ ಒಂದು ಪುಸ್ತಕವಿದೆ, ಕೆಲವು ಬೆಂಕಿಕಡ್ಡಿಗಳಿವೆ. ಪುಸ್ತಕದ ಹೆಸರು 'ಹೌಸ್ ಆಫ್ ಲೀವ್ಸ್'. ಓದಿದ ಹಾಳೆಗೆ ಬೆಂಕಿ ಹಚ್ಚಿ ಆ ಬೆಳಕಿನಲ್ಲಿ ಮುಂದಿನದನ್ನು ಓದುತ್ತಾನೆ.

ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಪೇಪರ್ ಎಷ್ಟು ಹೊತ್ತು ಉರಿದೀತು? ಒಂದು ಹಾಳೆ ಉರಿಯೋ ಹೊತ್ತಲ್ಲಿ ಎರಡು ಬದಿ ಓದಕ್ಕಾಗುತ್ತಾ?" ಎಂದರು. ಬೆರಳಲ್ಲಿ ಲೆಕ್ಕ ಹಾಕಿದರು. "ಕೊನೇ ಹಾಳೆ ಹೆಂಗೆ ಓದಿದ?"

ಅದನ್ನು ನಾನು ಹೇಳಲಿಲ್ಲ.

ಹೋದ ಭಾನುವಾರ ಜೂನಿಯರ್ ಮನೆಗೆ ಬಂದಿದ್ದಳು. ಬಸ್ಸಿನಲ್ಲಿ ಹೇಳದೆ ಉಳಿದದ್ದರಲ್ಲಿ ಅರ್ಧವನ್ನು ಫೋನಿನಲ್ಲಿ ಹೇಳಿದ್ದೆ, ಬೀರುವಿನ ವಿಷಯ ಬಿಟ್ಟು. ಪುಸ್ತಕ ವಾಪಸ್ ಬೇಕು ಎಂದಳು, ಈ ಸಲ ಮೊದಲು ಆ ತಾಯಿಯ ಕಾಗದ ಓದುತ್ತಾಳಂತೆ. ನಾನು ಒಳಗೆ ಪುಸ್ತಕ ಹುಡುಕುತ್ತಿದ್ದಾಗ ಅವಳು ಹಿಂದೆಯೇ ಕೋಣೆಗೆ ಬಂದು, ಎಲ್ಲೆಲ್ಲೂ ಪುಸ್ತಕ ನೋಡಿ ನಕ್ಕು, ಬ್ಯಾಗು ಇಳಿಸಲು ಆ ಖಾಲಿ ಮೂಲೆಯ ಕಡೆ ಹೋಗಿ ನಿಂತಳು. ಗೋಡೆಯ ಮೇಲಿನ ಪೆನ್ಸಿಲ್ ಗೆರೆಯನ್ನು ಬೆರಳಿನಲ್ಲಿ ಮುಟ್ಟಿದಳು.

"ಅಂಕಲ್, ಇಲ್ಲೇನಿತ್ತು?"

ಬಾಗಿಲಲ್ಲಿದ್ದ ಅಪ್ಪ ಒಂದು ಕ್ಷಣ ನನ್ನ ಮುಖ ನೋಡಿದರು.

"ಏನೂ ಇರ್ಲಿಲ್ಲಮ್ಮ" ಎಂದರು. "ಬಾ, ಟೀ ಆರುತ್ತೆ."